ಐದನೆಯ ಅಂಕಿ

ಅವರ ಎಡ ಅಂಗೈಯಲ್ಲಿ, ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ, ಸದಾ ಐದು ನೀಲಿ ಅಂಕಿಗಳಿರುತ್ತಿದ್ದವು. ಬಾಲ್‌ಪೆನ್ನಿನಿಂದ ಒತ್ತಿ ಬರೆದವು, ಬೆವರಿಗೆ ಅಂಚು ಹರಡಿದವು. ಅವರು ಕೊನೆಯದಾಗಿ ನೋಡಿದ ರೈಲು ಎಂಜಿನ್ನಿನ ನಂಬರು ಅದು. ಗಾಡಿ ಓಡುವಾಗ ಪುಸ್ತಕ ತೆಗೆಯಲು ಪುರಸೊತ್ತಿರುವುದಿಲ್ಲ. ಮೊದಲು ಅಂಗೈ, ಆಮೇಲೆ ಪುಸ್ತಕ.

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಬಸ್ಸಿಗೆ ಅವರು ಕಂಡಕ್ಟರ್. ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ ಟೀಚರ್ ನಾನು. ಕಾಕಾ ಎಂದು ಕರೆಯುತ್ತಿದ್ದೆ. ನಮ್ಮ ಬಸವಕಲ್ಯಾಣಕ್ಕೆ ರೈಲಿಲ್ಲ. "ಊರಾಗ ರೈಲಿಲ್ಲ ನೋಡ್ರಿ, ಅದಕ್ಕೇ ಇವಗ ಹುಚ್ಚ ಹಿಡದದ" ಎಂದು ಅವರ ಗೆಳೆಯ ಕಾಡಿಸುತ್ತಿದ್ದರು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಠದ ಹತ್ತಿರ ತೆಂಗಿನಕಾಯಿ ಅಂಗಡಿ ಆ ಗೆಳೆಯರದು. ಹುಮನಾಬಾದಿಗೆ ಹಳಿ ಬಂದ ಮೇಲೆ ಇಬ್ಬರೂ ಪ್ರತಿ ರವಿವಾರ ಮುಂಜಾನೆ ನಿಲ್ದಾಣದ ತುದಿಯ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ಮೂರನೆಯವಳಾಗಿ ಸೇರಿದೆ.

"ಕಣ್ಣ ಮುಚ್ಚಿ ಕೇಳ್ರಿ ಟೀಚರ್. ಹಳೇ ಡೀಸೆಲ್ ಗುದ್ದತದ. ಹೊಸಾದು ಗುಂಯ್ ಅಂತದ" ಎಂದು ಕಾಕಾ ಕಲಿಸಿದರು. ಏರಿನಲ್ಲಿ ಹೊಗೆ ಹೇಗೆ ಬದಲಾಗುತ್ತದೆ, ಯಾವ ಶೆಡ್ಡಿನ ಎಂಜಿನ್ನಿಗೆ ಯಾವ ಬಣ್ಣ, ಎಲ್ಲ ಅವರು ಹೇಳಿಕೊಟ್ಟದ್ದೇ. ಅವರ ನಿಯಮ ಒಂದೇ: ಸ್ವಂತ ಕಣ್ಣಿಂದ ಓದಿದ ಅಂಕಿ ಮಾತ್ರ ಬರೆಯಬೇಕು, ಕಾಣದ ಅಂಕಿಯ ಜಾಗದಲ್ಲಿ ಗೆರೆ ಎಳೆಯಬೇಕು.

"ನಾಕು ಕಂಡಾವಲ್ಲ, ಐದನೇದು ಅಂದಾಜಿಲೆ ಬರಿ" ಎಂದರು ಒಮ್ಮೆ ಕಾಯಿ ಅಂಗಡಿಯವರು.

"ಕಾಯಿ ಒಡೀಲಾರದ ಒಳಗ ಹ್ಯಾಂಗದ ಹೇಳ್ತಿಯೇನು?"

"ಬಡದು ನೋಡಿ ಹೇಳ್ತೀನಿ."

"ಮತ್ಯಾಕ ಗಿರಾಕಿ ಕೆಟ್ಟ ಕಾಯಿ ತಗೊಂಡು ವಾಪಸ್ ಬರ್ತಾರ?"

ಅವರ ಮೊದಲ ಪುಸ್ತಕದ ಮೊದಲ ಪುಟದಲ್ಲಿ ಒಂದೇ ನಂಬರಿತ್ತು. ಹರೆಯದಲ್ಲಿ ವಾಡಿ ಜಂಕ್ಷನ್ನಿನಲ್ಲಿ ಮಧ್ಯಾಹ್ನವಿಡೀ ನಿಂತಿದ್ದ ಕಾಕಾನನ್ನು ಸರಕು ಗಾಡಿಯ ಡ್ರೈವರ್ ಮೇಲೆ ಹತ್ತಿಸಿಕೊಂಡು ಹಾರ್ನ್ ಒತ್ತಲು ಬಿಟ್ಟಿದ್ದನಂತೆ. ಆ ಎಂಜಿನ್ನಿನ ನಂಬರದು. ಮತ್ತೆ ಅದು ಅವರಿಗೆ ಸಿಗಲಿಲ್ಲ. ಕಲಬುರಗಿ, ಸೊಲ್ಲಾಪುರದ ಗೆಳೆಯರೂ ಅವರಿಗಾಗಿ ಹುಡುಕುತ್ತಿದ್ದರು. ಅಷ್ಟರಲ್ಲಿ ನಮ್ಮ ಹಳಿಯ ಮೇಲೂ ವಿದ್ಯುತ್ ತಂತಿ ಬಂತು. ಹಳೆಯ ಡೀಸೆಲ್‌ಗಳು ಒಂದೊಂದಾಗಿ ಗುಜರಿಗೆ ಹೋಗತೊಡಗಿದವು.

ಅದೇ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ಕಣ್ಣು ತೆಗೆದುಕೊಂಡಿತು. ನಿವೃತ್ತರಾದ ಮೇಲೂ ಬರುವುದು ಬಿಡಲಿಲ್ಲ. ನಾನು ಗಟ್ಟಿಯಾಗಿ ನಂಬರು ಓದಿದರೆ, "ಅದು ನಿಮ್ಮ ನಂಬರ್‍ರಿ, ನಂದಲ್ಲ" ಎಂದು ತಮ್ಮ ಪುಸ್ತಕದಲ್ಲಿ ಐದು ಗೆರೆ ಎಳೆಯುತ್ತಿದ್ದರು. ಕೊನೆಯ ಪುಸ್ತಕದ ಪುಟಗಳ ತುಂಬ ತಾರೀಖು ಮತ್ತು ಗೆರೆಗಳು. ನೋಡಿಕೊಂಡು ಕೂರುವುದಲ್ಲದೆ ನನಗೇನೂ ಮಾಡಲು ಬರಲಿಲ್ಲ.

ಒಂದು ರವಿವಾರ ಬೀದರ ಕಡೆಯಿಂದ ಸರಕು ಗಾಡಿ ಬಂತು. ಕಾಣುವ ಮೊದಲೇ ಕಾಕಾ ಎದ್ದು ನಿಂತರು. "ಗುದ್ದಾಕತ್ತದ ಕೇಳ್ರಿ. ಹಳೇದು!"

ಗಾಡಿ ನಿಲ್ಲಲಿಲ್ಲ. ನಾನು ಓದಿದೆ. ಮೊದಲ ಅಂಕಿ, ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲವೂ ವಾಡಿಯ ನಂಬರಿನವೇ. ಐದನೆಯದಕ್ಕೆ ತಂತಿಯ ಕಂಬ ಅಡ್ಡ ಬಂತು. ಕಂಬದಾಚೆ ಎಂಜಿನ್ನಿನ ಹಿಂಭಾಗ ಮಾತ್ರ ಕಂಡಿತು.

ಅವರು ನನ್ನ ಮಣಿಕಟ್ಟು ಹಿಡಿದರು. "ಯಾವುದ್ರಿ?"

ಹೇಳಿದೆ. ವಾಡಿಯ ನಂಬರನ್ನೇ, ಪೂರ್ತಿಯಾಗಿ.

"ಐದೂ ನೋಡೀರಿ?"

"ಹೌದ್ರಿ ಕಾಕಾ. ಐದೂ."

ಅವರು ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು. ಅಂಕಿಗಳು ಒಂದರ ಮೇಲೊಂದು ಏರಿದವು. "ಇದೊಂದು ಸಲ ನಿಮ್ಮ ಕಣ್ಣು ನನ್ನವೇ ಅಂತ ಬರಿಯಾಕತ್ತೇನ್ರಿ" ಎಂದು ಪುಸ್ತಕದಲ್ಲೂ ಬರೆದರು. ಪುಟ ಹಿಡಿದುಕೊಂಡಿದ್ದವಳು ನಾನು.

ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯಿಂದ ಕಾಯಿ ಅಂಗಡಿಯವರು ಆ ಗಾಡಿಯ ವಿಡಿಯೊ ಮಾಡಿದ್ದರು. ಎರಡು ದಿನ ಬಿಟ್ಟು ನನ್ನನ್ನು ಅಂಗಡಿಗೆ ಕರೆದು, ವಿಡಿಯೊ ಒಂದು ಕಡೆ ನಿಲ್ಲಿಸಿ ತೋರಿಸಿದರು. ಕೊನೆಯ ಅಂಕಿ ವಾಡಿಯ ನಂಬರಿನ ಮೂರಲ್ಲ, ಎಂಟು.

"ಹೇಳಬ್ಯಾಡ್ರಿ ಅವಗ" ಎಂದರು. ಒಂದು ಕಾಯಿಯ ಜುಟ್ಟು ಸುಲಿದು ಮುಗಿಸಿ, "ಹೇಳಿಬಿಡ್ರಿ ಬೇಕಾದ್ರ. ನಂಗ ತಿಳಿವಲ್ದು" ಎಂದರು.

ಹೇಳಲೆಂದೇ ಬಸವಕಲ್ಯಾಣದ ಅವರ ಮನೆಗೆ ಹೋದೆ. ಕಾಲಿನ ಹುಣ್ಣು ಮಾಯದೆ ಮಲಗಿದ್ದರು. "ಅದು ಇನ್ನೂ ಗುಜರಿಗೆ ಹೋಗಿಲ್ಲ ಅಂದಂಗಾತು. ಯಾರೋ ಛಲೋ ನೋಡ್ಕೊಂಡಾರ" ಎಂದರು. ನಾನು ಚಹಾ ಕುಡಿದು ಬಂದೆ. ಎರಡನೆಯ ಸಲ ಹೋದಾಗ ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು: "ಎಡಗೈಗೆ ನೀರ ಹಚ್ಚಾಕ ಬಿಡವಲ್ರು. ಅಳಿಸಿದ್ರ ನಾನೇ ತಿದ್ದಿ ಕೊಡಬೇಕಂತ." ಹಾಗೇ ಹಿಂದಿರುಗಿದೆ.

ಮೂರನೆಯ ಸಲ ಹೋದಾಗ ಅಂಗಳದಲ್ಲಿ ಜನ ಕೂತಿದ್ದರು. ಸ್ನಾನ ಮಾಡಿಸಿ ಆಗಿತ್ತು. ಎಡ ಅಂಗೈ ಸ್ವಲ್ಪ ತೆರೆದಿತ್ತು; ನೀಲಿ ಪೂರ್ತಿ ಹೋಗಿರಲಿಲ್ಲ. ನಾನು ಹತ್ತಿರ ಕೂತು ಓದಿದೆ. ಈ ಸಲ ಐದೂ ಓದಿದೆ.

ಪುಸ್ತಕಗಳನ್ನು ಅವರ ಹೆಂಡತಿ ನನಗೇ ಕೊಟ್ಟರು. ಆ ಗಾಡಿ ಬಂದ ರವಿವಾರದ ಸಂಜೆ ನನ್ನ ಪುಸ್ತಕದಲ್ಲಿ ನಾನು ಬರೆದದ್ದು ನಾಲ್ಕು ಅಂಕಿ, ಒಂದು ಗೆರೆ. ಅವರದರಲ್ಲಿ ಐದು ಅಂಕಿಗಳಿವೆ. ಪೆನ್ನು ಹಿಡಿದು ಎಷ್ಟೋ ಸಲ ಆ ಪುಟ ತೆರೆದಿದ್ದೇನೆ. ಇನ್ನೊಬ್ಬರ ಪುಸ್ತಕದಲ್ಲಿ ಗೆರೆ ಎಳೆಯುವುದು ಹೇಗೆಂದು ಕಾಕಾ ಕಲಿಸಿರಲಿಲ್ಲ.