ಎಡಗಡೆಯ ಹಿಂದಿನ ಹಿಡಿಕೆ

ನಮ್ಮ ಬಚ್ಚಲುಮನೆಗೆ ಹೊಸ ಟೈಲ್ಸ್ ಹಾಕಿಸುವ ಕೆಲಸ ಮೊನ್ನೆಯಿಂದ ನಡೆದಿದೆ. ಮೇಸ್ತ್ರಿ ಹನುಮಂತಪ್ಪ ಹಳೆಯ ಗಾರೆಯನ್ನೆಲ್ಲ ಕೆತ್ತಿ, ಗೋಡೆಯಲ್ಲಿದ್ದ ಒಂದು ಕಬ್ಬಿಣದ ಹಿಡಿಕೆಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ. ಗೇಣುದ್ದದ ಹಿಡಿಕೆ. ತುಕ್ಕು ಹಿಡಿಯದಿರಲೆಂದು ನಾನೇ ವರ್ಷಕ್ಕೊಮ್ಮೆ ಅದಕ್ಕೆ ಬಣ್ಣ ಬಳಿಯುತ್ತೇನೆ. ಆದರೆ ಸೊಟ್ಟಕ್ಕೆ ಬಣ್ಣ ಏನು ಮಾಡೀತು? ಒಂದು ಪಕ್ಕ ಕೆಳಕ್ಕೆ ಬಗ್ಗಿ, ಅಳುವುದಕ್ಕೆ ಬಾಯಿ ಸೊಟ್ಟ ಮಾಡಿಕೊಂಡ ಮಗುವಿನ ಹಾಗೆ ಕಾಣುತ್ತದೆ.

"ಸರ, ಇದನ್ನ ಬಿಸಾಕ್ತೀನ್ರಿ. ಸ್ಟೀಲಿಂದು ಪಳಪಳ ಅನ್ನೋದು ಸಿಗತೈತಿ, ಅದನ್ನ ಹಾಕಿದ್ರ ಬಚ್ಚಲಕ್ಕ ಒಂದು ಕಳಿ ಬರತೈತಿ" ಎಂದ.

ನಾನು ಬೇಡವೆಂದೆ.

"ಹೋಗ್ಲಿ, ನೆಟ್ಟಗರ ಮಾಡಿ ಹಾಕ್ಲೇನ್ರಿ? ಯಾರು ಬಗ್ಗಿಸ್ಯಾರ್ರಿ ಇದನ್ನ ಹಿಂಗ?"

ಸುಲಭದ ಪ್ರಶ್ನೆಯೇ. ಆದರೂ ಮೊದಲು ಒಳಗೆ ಇಣುಕಿದೆ. ಪಡಸಾಲೆಯಲ್ಲಿ ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಹನುಮಂತಪ್ಪ ಉತ್ತರಕ್ಕೆ ಕಾಯುತ್ತ ನಿಂತ. ಅವನು ಸ್ವಲ್ಪ ಹೊತ್ತು ನಿಂತಿರಲಿ, ಮೊದಲು ನಿಮಗೆ ಹೇಳಿಬಿಡುತ್ತೇನೆ. ನಿಮಗೆ ಹೇಳಿದ ಮೇಲೆ ಅವನಿಗೆ ಹೇಳುವ ಧೈರ್ಯ ಬಂದೀತು.

ನಾನು ಹುಟ್ಟಿದ್ದು ಜೀಪಿನಲ್ಲಿ. ಅವ್ವನ ತವರು ಹಂಪಸಾಗರ. ಅಲ್ಲಿ ನೋವು ಶುರುವಾಗಿ ಎರಡು ದಿನವಾದರೂ ನಾನು ಹೊರಗೆ ಬರುವ ಮನಸ್ಸು ಮಾಡಲಿಲ್ಲವಂತೆ. ಈಗಲೂ ಯಾವ ಕೆಲಸಕ್ಕೆ ಹೊರಡಬೇಕಾದರೂ ನನ್ನದು ಅದೇ ಚಾಳಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸೂಲಗಿತ್ತಿ ಕೈಚೆಲ್ಲಿದಾಗ, ಪುಣ್ಯಕ್ಕೆ, ಹಡಗಲಿ ಕಡೆಯ ಅರಳೆ ವ್ಯಾಪಾರಿಯೊಬ್ಬರ ಜೀಪು ಊರಿಗೆ ಬಂದಿತ್ತು. ಅವರು ಹೇರಿದ್ದ ಅರಳೆಯನ್ನೆಲ್ಲ ಇಳಿಸಿ, ಹಿಂದುಗಡೆ ಕೌದಿ ಹಾಸಿ, ಅವ್ವನನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆಂದು ಹೊರಟರು. ಆಸ್ಪತ್ರೆ ಬರುವ ತನಕ ನಾನು ತಡೆಯಲಿಲ್ಲ. ತಂಬ್ರಹಳ್ಳಿಯ ಹೊಲಗಳ ಹತ್ತಿರ, ಒಂದು ಹಳ್ಳಕ್ಕೆ ಇಳಿದು ಏರುವಾಗ, ಭೂಮಿಗೆ ಬಂದೆ. ವ್ಯಾಪಾರಿ ಜೀಪು ನಿಲ್ಲಿಸಿ ಜಾಲಿ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದರಂತೆ.

ಶಾಲೆಗೆ ಬರೆಸಲು ನನಗೊಂದು ಒಳ್ಳೆಯ ಹೆಸರಿಟ್ಟರು. ಊರು ಮಾತ್ರ ಜೀಪಪ್ಪ ಎಂದಿತು. ಲಗ್ನಪತ್ರಿಕೆಯಲ್ಲೂ ಜೀಪಪ್ಪ ಎಂದೇ ಅಚ್ಚಾಯಿತು. ಹುಡುಗನ ಮನೆಯಲ್ಲಿ ಜೀಪು ಇದೆಯೆಂದು ತಿಳಿದು ಹೆಣ್ಣು ಕೊಟ್ಟರೆಂಬುದು ನನ್ನ ಹೆಂಡತಿಯ ಇವತ್ತಿನವರೆಗಿನ ದೂರು. ಮದುವೆಯ ಮಾರನೆಯ ದಿನ ಅಂಗಳದಲ್ಲಿ ನಿಂತಿದ್ದ ನನ್ನ ಸೈಕಲ್ಲನ್ನು ಅವಳು ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ಈ ಕಥೆಯನ್ನು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳಿದಂತೆಲ್ಲ ಹಳ್ಳ ಆಳವಾಗುತ್ತಿತ್ತು, ಬಿಸಿಲು ಏರುತ್ತಿತ್ತು, ಎರಡು ದಿನದ ನೋವು ಮೂರು ದಿನಕ್ಕೆ ಬೆಳೆದಿತ್ತು. ಕೊನೆಯ ಮಾತು ಮಾತ್ರ ಎಂದೂ ಬದಲಾಗಲಿಲ್ಲ. "ಜೀಪಿನ ಹೊರಗ, ಅದರ ಮೈಗಿ, ಬಕೀಟಿಗಿ ಇರತೈತಲ್ಲ, ಅಂಥಾ ಒಂದು ಕಬ್ಬಿಣದ ಹಿಡಕಿ ಇತ್ತು. ಎಡಗೈ ಹೊರಗ ಇಳಿಬಿಟ್ಟು ಅದನ್ನs ಹಿಡಕೊಂಡಿದ್ದೆ. ಇವನು ಹುಟ್ಟೂದಕ್ಕೂ ಅದು ಬಗ್ಗೂದಕ್ಕೂ ಸರಿ ಹೋತು."

ಕೇಳಿದವರು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ನಾನು ಸರ್ವೆ ಇಲಾಖೆಯಲ್ಲಿದ್ದವನು. ಹೊಸಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಎಂದು ಸರಪಳಿ ಹೊತ್ತು ಹೊಲ ಅಳೆದವನು. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ನನಗೆ ಆಗಲೇ ಇಲ್ಲ. ಕಂಡ ಕಂಡ ಜೀಪುಗಳನ್ನೆಲ್ಲ ಸುತ್ತು ಹಾಕಿ ನೋಡಿದ್ದೆ. ಇಲಾಖೆಯ ಜೀಪು, ಕಂಟ್ರಾಕ್ಟರರ ಜೀಪು, ಸಂತೆಗೆ ಜನ ತುಂಬಿಕೊಂಡು ಹೋಗುವ ಜೀಪು, ಒಂದಕ್ಕೂ ಹೊರಗೆ ಹಿಡಿಕೆ ಇರಲಿಲ್ಲ. ಇಲ್ಲದ ಹಿಡಿಕೆಯನ್ನು ಬಗ್ಗಿಸುವುದು ಹೇಗೆ? ಅವ್ವನಿಗೆ ನೋವಿನಲ್ಲಿ ಏನೋ ಭ್ರಮೆಯಾಗಿತ್ತು ಎಂದು ತೀರ್ಮಾನ ಮಾಡಿದ್ದೆ. ಹತ್ತು ಸಲ ಅಳೆದರೂ ಜಾಗ ಬದಲಿಸದ ಗಡಿಯ ಬಾಂದುಕಲ್ಲನ್ನು ನಂಬಬೇಕೆಂದು ಹೊಸಬರಿಗೆ ಪಾಠ ಹೇಳುತ್ತಿದ್ದ ನನಗೆ, ಮನೆಯೊಳಗಿನ ಬಾಂದುಕಲ್ಲು ಕಾಣಲಿಲ್ಲ ನೋಡಿ.

ನನ್ನ ಮಗಳ ತೊಟ್ಟಿಲು ಕಾರ್ಯದ ದಿನ ಒಂದು ತಪ್ಪು ಮಾಡಿದೆ. ಅವ್ವ ಬೀಗರ ಕಡೆಯವರಿಗೆ ಕಥೆ ಹೇಳಿ ಹಿಡಿಕೆಯ ತನಕ ಬಂದಿದ್ದಳು. ಮನೆಯ ಮುಂದೆ ಯಾರದೋ ಜೀಪು ನಿಂತಿತ್ತು. ನಾನು ಅವಳ ಕೈ ಹಿಡಿದು ಕರೆದುಕೊಂಡು ಹೋಗಿ, "ತೋರ್ಸು ನೋಡೂಣು, ಎಲ್ಲೈತಿ ಹಿಡಕಿ?" ಎಂದೆ. ಅವ್ವ ಜೀಪನ್ನು ಒಂದು ಸುತ್ತು ಹಾಕಿದಳು. ಅದರ ಮೈಯನ್ನು ಅಂಗೈಯಿಂದ ಸವರಿದಳು. "ಇದರಾಗ ಇಲ್ಲ" ಎಂದಳು. ನೆರೆದವರೆಲ್ಲ ಹೋ ಎಂದು ನಕ್ಕರು. ಅವ್ವ ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು.

ಆಮೇಲೆ ಅವಳು ಆ ಕಥೆಯನ್ನು ಯಾರಿಗೂ ಹೇಳಲಿಲ್ಲ. ಅಷ್ಟೇ ಅಲ್ಲ, ನನ್ನನ್ನು ಜೀಪಪ್ಪ ಎನ್ನುವುದನ್ನೂ ಬಿಟ್ಟಳು. ಶಾಲೆಯ ಹೆಸರು ಹಿಡಿದು ಕರೆಯತೊಡಗಿದಳು. ಆ ಹೆಸರಿನಿಂದ ಕರೆಯಲಿ ಎಂದು ಹುಡುಗನಿದ್ದಾಗ ಎಷ್ಟು ಅತ್ತಿದ್ದೆ. ಈಗ ಅವಳ ಬಾಯಲ್ಲಿ ಅದನ್ನು ಕೇಳಿದರೆ ತಾಲೂಕು ಕಚೇರಿಯಲ್ಲಿ ಯಾರೋ ನನ್ನ ಹಾಜರಿ ಕೂಗಿದಂತಾಗುತ್ತಿತ್ತು. ಆದರೆ ಇಷ್ಟು ವರ್ಷವಾದ ಮೇಲೆ ಏನೆಂದು ತಪ್ಪೊಪ್ಪಿಕೊಳ್ಳುವುದು? ಜೀಪಿಗೆ ಹಿಡಿಕೆ ಇರಲಿಲ್ಲವೆಂಬುದು ನಿಜವೇ ಆಗಿತ್ತಲ್ಲ.

ನಾನು ನಿವೃತ್ತನಾದ ಮೇಲಿನ ಮಾತು. ಕೊಟ್ಟೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಗೆಳೆಯನ ಕಾರು ಕೆಟ್ಟು ನಿಂತಾಗ ರಸೂಲ್ ಸಾಬರ ಶೆಡ್ಡಿಗೆ ತಳ್ಳಿಕೊಂಡು ಹೋದೆವು. ರಸೂಲ್ ಸಾಬರು ನನ್ನ ವಾರಿಗೆಯವರೇ. ಕಾರು, ಟ್ರ್ಯಾಕ್ಟರ್ ರಿಪೇರಿ ಅವರ ಹೊಟ್ಟೆಪಾಡು. ಹಳೆಯ ಜೀಪುಗಳನ್ನು ಹುಡುಕಿ, ಗುರುತು ಹಿಡಿದು, ಮೊದಲಿನ ಹಾಗೆ ಮಾಡುವುದು ಅವರ ಹುಚ್ಚು. ಶೆಡ್ಡಿನ ನಡುವೆ ಮಾಸಲು ಹಸಿರು ಬಣ್ಣದ ಒಂದು ಗಿಡ್ಡ ಜೀಪು ನಿಂತಿತ್ತು. ದಾವಣಗೆರೆಯ ಯಾರೋ ಶೋಕಿದಾರರಿಗೆ ಸಿದ್ಧ ಮಾಡಿದ್ದಂತೆ. ನಾನು ಹತ್ತಿರ ಹೋದೆ. ಬದಿಗೆ ಬಂದೆ.

ಹೊರಗೆ, ಜೀಪಿನ ಮೈಗೆ, ಬಕೀಟಿನದರ ಹಾಗೆ ಹಿಡಿಕೆಗಳಿದ್ದವು.

"ಇವನ್ನ ನೀವು ಹಾಕೀರೇನ್ರಿ?" ಎಂದೆ.

"ನಾನ್ಯಾಕ ಹಾಕ್ಲಿ ಸರ? ಮಿಲಿಟ್ರಿ ಗಾಡಿ ಇದು, ದೊಡ್ಡ ಯುದ್ಧದ ಕಾಲದ್ದು. ಕೆಸರಾಗ ಸಿಗಬಿದ್ರ ಸಿಪಾಯಿಗಳು ನಾಕೂ ಕಡಿ ಹಿಡದು ಎತ್ತಬೇಕಲ್ಲ, ಅದಕ್ಕ ಹಿಡಕಿ. ನಮ್ಮ ಕಡಿ ಓಡ್ಯಾಡಿದ ಸಿವಿಲ್ ಜೀಪಿಗಿ ಇವು ಬರಂಗಿಲ್ಲ." ಮುಂದಿನ ಜಾಲರಿಯ ಸೀಳುಗಳನ್ನು ನನ್ನಿಂದಲೇ ಎಣಿಸಿದರು. ಒಂಬತ್ತು. ಸಿವಿಲ್ ಜೀಪಿಗೆ ಏಳೇ ಅಂತೆ. ಬಾನೆಟ್ ಎತ್ತಿ ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿ, ಕತ್ತಲಲ್ಲಿ ಇಂಜಿನ್ ನೋಡಲು ಇದೇ ದೀಪ ಎಂದು ತೋರಿಸಿದರು. ತಂದಾಗ ಬಿಳಿ ಬಣ್ಣವಿತ್ತಂತೆ. ಬ್ಲೇಡಿನಿಂದ ಕೆರೆದರೆ ಅದರಡಿ ನೀಲಿ, ಎಲ್ಲದರ ಅಡಿಗೆ ಈ ಹಸಿರು. ತಳವೆಲ್ಲ ತುಕ್ಕು ತಿಂದಿತ್ತು, ರೈಲು ಹಳಿಯ ತುಂಡಿನ ಮೇಲೆ ತಗಡು ಬಡಿದು ಹೊಸ ತಳ ಮಾಡಿದ್ದರು.

"ಎಲ್ಲಿ ಸಿಕ್ತು ಇದು?"

"ಹಡಗಲಿ ಕಡಿ, ಮುಚ್ಚಿದ ಅರಳಿ ಮಿಲ್ಲಿನ ಹಿಂದ. ತಳದಾಗಿಂದ ಜಾಲಿ ಗಿಡ ಎದ್ದಿತ್ತು ನೋಡ್ರಿ."

ನಾಲ್ಕೂ ಹಿಡಿಕೆಗಳನ್ನು ಮುಟ್ಟಿ ನೋಡಿದೆ. ಎಲ್ಲವೂ ನೆಟ್ಟಗಿದ್ದವು. ನನಗೆ ಒಂದು ಕಡೆ ನಿರಾಳ, ಒಂದು ಕಡೆ ನಿರಾಸೆ. ಸುಮ್ಮನೆ, "ನಾಕೂ ಹಳೇವೇನ್ರಿ?" ಎಂದೆ.

"ಮೂರು ಹಳೇವು. ಎಡಗಡಿ ಹಿಂದಿಂದು ಬಗ್ಗಿತ್ತು, ಅದಕ್ಕ ಹೊಸಾದು ಮಾಡಿ ಹಾಕೀನಿ."

ನಾನು ಅಲ್ಲೇ ಇದ್ದ ಟಾಯರಿನ ಮೇಲೆ ಕೂತುಬಿಟ್ಟೆ. ಸಾಬರು ಗಾಬರಿಯಾಗಿ ನೀರು ಕೊಟ್ಟರು. ಕಥೆಯನ್ನೆಲ್ಲ ಹೇಳಿದೆ. ಅವರು ಎದ್ದು ಹೋಗಿ ಹಳೆಯ ಎಣ್ಣೆ ಡಬ್ಬಿಯೊಂದನ್ನು ನೆಲಕ್ಕೆ ಸುರಿದರು. ನಟ್ಟು, ಬೋಲ್ಟು, ಸ್ಪ್ರಿಂಗುಗಳ ನಡುವೆ ಅದು ಬಿದ್ದಿತ್ತು. ಯಾವುದನ್ನೂ ಬಿಸಾಡದ ಆ ಮನುಷ್ಯನಿಗೆ ನಾನು ಸಾಯುವವರೆಗೂ ಋಣಿ.

ಮಾರನೆಯ ದಿನವೇ ಜೀಪು ದಾವಣಗೆರೆಗೆ ಹೋಗುವುದಿತ್ತು. ಬೆಳಿಗ್ಗೆ ಬೇಗ ಅವ್ವನನ್ನು ಕರೆತಂದೆ. ಎಲ್ಲಿಗೆ, ಏನು ಎಂದು ಹೇಳಿರಲಿಲ್ಲ. ಅವ್ವ ಜೀಪನ್ನು ಒಂದು ಸುತ್ತು ಹಾಕಿದಳು. ಸಾಬರು ಕೈಕಟ್ಟಿ ನಿಂತಿದ್ದರು. ಹೊಸ ಬಣ್ಣ, ಹೊಸ ಸೀಟು, ಹೊಸ ಟಾರ್ಪಾಲು. ಅವ್ವ ತಲೆಯಾಡಿಸಿದಳು. "ಇದಲ್ಲ. ಅದು ಹಿಂಗ ಬಾಸಿಂಗ ಕಟ್ಟಿದ ಮದಲಿಂಗನಂಗ ಇರ್ಲಿಲ್ಲ."

ಸಾಬರು ಆ ಸೊಟ್ಟ ಹಿಡಿಕೆಯನ್ನು ತಂದು ಅವಳ ಎಡಗೈಗೆ ಕೊಟ್ಟರು. ಅವ್ವನ ಬೆರಳುಗಳು ಮುಚ್ಚಿಕೊಂಡವು. ಸೊಟ್ಟದ ಮೇಲೆ ಹೆಬ್ಬೆರಳು ಆಡಿಸುತ್ತ ಹೇಳಿದಳು. "ಅವತ್ತು ಬಿಸಿಲಿಗಿ ಕಾದು ಚುರ್ ಅಂತಿತ್ತು. ಇವತ್ತು ತಣ್ಣಗ ಐತಿ."

"ಅವ್ವಾರ," ಎಂದರು ಸಾಬರು, "ಇದನ್ನ ನೆಟ್ಟಗ ಮಾಡಾಕ ನಾನು, ನನ್ನ ತಮ್ಮ, ಇಬ್ಬರು ಗಂಡಸರು ಅರ್ಧ ದಿನ ಹೆಣಗ್ಯಾಡೀವ್ರಿ. ಕಾಸಿದ್ವಿ, ಬಡದ್ವಿ, ಕಡೀಕ ಸೀಳು ಬಿಡ್ತs ಹೊರತು ನೆಟ್ಟಗಾಗ್ಲಿಲ್ಲ. ನೀವು ಒಬ್ಬಾಕೀನs ಬಗ್ಗಿಸಿದ್ರೇನ್ರಿ?"

ಅವ್ವನ ಮುಖ ಅರಳಿತು. ಅವಳು ಸಾಬರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಹೌದೆಂಬ ಒಂದು ಮಾತು ನಾನು ಆಗ ಆಡಬೇಕಿತ್ತು. ನನ್ನೊಳಗಿನ ಸರ್ವೆಯವನು ಆ ಹೊತ್ತಿನಲ್ಲೂ ಕಬ್ಬಿಣದ ದಪ್ಪ ಅಳೆಯುತ್ತಿದ್ದ. ಜೀಪಿನ ಟಾಯರು ನೋಡುತ್ತ, "ಹೊತ್ತಾತು, ಹೋಗೂಣೇನವ್ವ?" ಎಂದೆ. ಅವಳು ಶಾಲೆಯ ಹೆಸರಿನಿಂದ ನನ್ನನ್ನು ಕರೆದು, "ನಡಿ" ಎಂದಳು.

ಅವಳು ಮುಂದೆ ಹೋದ ಮೇಲೆ ಸಾಬರನ್ನು ಗುಟ್ಟಾಗಿ ಕೇಳಿದೆ, ನಿಜವಾಗಿಯೂ ಕೈಯಿಂದ ಬಗ್ಗುತ್ತದೆಯೇ ಎಂದು.

"ಗೇಟಿಗಿ ಒರಸಿದ್ರೂ ಹಿಂಗ ಬಗ್ಗತೈತಿ, ಸುಳ್ಳು ಯಾಕ ಹೇಳ್ಲಿ? ಗಾಡಿ ಯಾವ ಕಾಲದ್ದಂತ ನಾ ಹೇಳಬಲ್ಲೆ ಸರ. ಅದರಾಗ ಯಾರಿಗಿ ಏನಾತು ಅನ್ನೋದನ್ನ ಕುಂತೋರs ಹೇಳಬೇಕು. ಅವತ್ತು ಅಲ್ಲಿದ್ದಾಕಿ ಅವ್ವಾರು. ನಾನಲ್ಲ, ನೀವೂ ಅಲ್ಲ."

ಆ ದಿನ ಅಲ್ಲಿ ನಾನೂ ಇದ್ದೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನ ಸಾಕ್ಷಿ ಯಾವ ಕೋರ್ಟಿನಲ್ಲಿ ನಡೆದೀತು? ನಾನು ನನ್ನ ಪಾಡಿಗೆ ಹುಟ್ಟುತ್ತಿದ್ದೆ.

ಹಿಡಿಕೆಯನ್ನು ಅವ್ವ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದಳು. ಬಚ್ಚಲಲ್ಲಿ ಹಿಡಿದು ಏಳುವುದಕ್ಕೆ ಬೇಕೆಂದು ತಾನೇ ನಿಂತು ಗೋಡೆಗೆ ಹಾಕಿಸಿದಳು. ಅಂದಿನಿಂದ ಅವಳಿಗೆ ಅದೇ ಆಸರೆ. ಹೋದ ವರ್ಷ ನನ್ನ ಮೊಣಕಾಲಿಗೂ ನೋವು ಬಂದ ಮೇಲೆ ನಾನೂ ಅದನ್ನೇ ಹಿಡಿದು ಏಳುತ್ತೇನೆ. ಸೊಟ್ಟಗಿರುವ ಕಡೆಯೇ ಕೈಗೆ ಹಿತ. ಪ್ರತಿದಿನ ಅದನ್ನು ಹಿಡಿದಾಗಲೆಲ್ಲ ಆಡದೆ ಉಳಿಸಿಕೊಂಡ ಮಾತು ನೆನಪಾಗುತ್ತದೆ. ಅವ್ವನಿಗೆ ಎಂಬತ್ತು ದಾಟಿದೆ. ಇನ್ನೂ ಎಷ್ಟು ದಿನ ಉಳಿಸಿಕೊಳ್ಳಲಿ?

ಹನುಮಂತಪ್ಪ ಇನ್ನೂ ನಿಂತೇ ಇದ್ದಾನೆ. "ಯಾರು ಬಗ್ಗಿಸ್ಯಾರ್ರಿ?" ಎಂದು ಮತ್ತೊಮ್ಮೆ ಕೇಳಿದ.

"ನಮ್ಮವ್ವ" ಎಂದೆ.

ಅವನು ನಕ್ಕ. ಎಲ್ಲರೂ ನಗುವ ಹಾಗೆಯೇ ನಕ್ಕ. ನಾನು ನಗಲಿಲ್ಲ. "ನನ್ನ ಹಡಿಯೂವಾಗ ಬಗ್ಗಿಸ್ಯಾಳ. ಹೆಂಗೈತಿ ಹಂಗs ಹಾಕು" ಎಂದೆ. ಅವನ ನಗು ನಿಂತಿತು. ಹಿಡಿಕೆಯನ್ನು ಒಮ್ಮೆ ತಿರುಗಿಸಿ ನೋಡಿ, ಎರಡು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದ.

ಪಡಸಾಲೆಯಲ್ಲಿ ಶೇಂಗಾ ಸುಲಿಯುವ ಸದ್ದು ನಿಂತಿತ್ತು. ಪಕ್ಕದ ಮನೆಯ ಪಿಸುಮಾತೂ ಕೇಳಿಸುವ ಕಿವಿ ಅವ್ವನದು.

"ಏನಂದೀಲೇ ಜೀಪಪ್ಪ?" ಎಂದಳು. "ನನಗ ಕೇಳ್ಲಿಲ್ಲ. ಜೋರಾಗಿ ಹೇಳು."

ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ.