ಒದ್ದೆ ಫರಸಿಯ ವಾಸನೆ

ಶಹಾಬಾದಿನ ವಿಮಲಾಬಾಯಿ ರೊಟ್ಟಿ ಬಡಿದು ಬದುಕಿದವಳು. ಜೋಳದ ಕಡಕ್ ರೊಟ್ಟಿ ಬೇಕೆಂದರೆ ವಾಡಿಯ ರೈಲ್ವೆ ಕ್ವಾರ್ಟರ್ಸಿನವರೂ ಅವಳಿಗೇ ಹೇಳಿ ಕಳಿಸುತ್ತಿದ್ದರು. ನಲವತ್ಮೂರು ವಯಸ್ಸು, ಗಟ್ಟಿ ಆಳು, ದಿನಕ್ಕೆ ನೂರೈವತ್ತು ರೊಟ್ಟಿ. ಗಂಡ ದೇವಿಂದ್ರಪ್ಪ ಕಲ್ಲು ಪಾಲಿಶ್ ಮಾಡುವ ಮಷಿನ್ನಿನ ಮೇಲೆ ಕೆಲಸಕ್ಕಿದ್ದ. ಒಬ್ಬಳೇ ಮಗಳನ್ನು ಸೇಡಂಗೆ ಕೊಟ್ಟಾಗಿತ್ತು.

ಒಂದು ಚಳಿಗಾಲ ಅವಳ ಕೈ ಸೋಲತೊಡಗಿತು. ನೂರೈವತ್ತು ರೊಟ್ಟಿ ನೂರಾಯಿತು, ನೂರು ಅರವತ್ತಾಯಿತು. ಹಿಟ್ಟು ನಾದುತ್ತಲೇ ಗೋಡೆಗೆ ಒರಗಿಬಿಡುವಳು. ನಲ್ಲಿಯಿಂದ ಒಂದು ಕೊಡ ತಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಸುಸ್ತಾದಾಗಲೆಲ್ಲ ಒಂದು ಕಪ್ ಚಾ ಕುಡಿಯುವಳು. ರೊಟ್ಟಿಯ ಜೊತೆಗೂ ಚಾ.

ಪಕ್ಕದ ಮನೆಯ ಮುದುಕಿ ಬಿಬಿಜಾನ್ ಅವಳ ಮುಖ ನೋಡಿ ಹೇಳಿದಳು. "ಶಕ್ತಿ ಕಮ್ಮಿ ಆಗ್ಯಾದ ವಿಮಲಾ. ಖಜೂರ ಹಾಲಿನ್ಯಾಗ ಕುದಿಸಿ ಕುಡಿ."

ಒಂದು ತಿಂಗಳು ಕುಡಿದಳು. ದೇವಿಂದ್ರಪ್ಪ ವಾಡಿಯಿಂದ ಒಂದು ಡಬ್ಬಿ ಶಕ್ತಿಪುಡಿ ತಂದ. ಡಬ್ಬಿಯ ಮೇಲೆ ಓಡುವ ಕುದುರೆಯ ಚಿತ್ರವಿತ್ತು. ಅದೂ ಮುಗಿಯಿತು. ಬಜಾರಿನಲ್ಲಿ ಜಡಿಬೂಟಿ ಮಾರುವ ಮಜೀದಸಾಬನ ಹತ್ತಿರ ಅಶ್ವಗಂಧದ ಬೇರು ತಂದು ಅರೆದು ಕುಡಿದಳು. ಏನೂ ಆಗಲಿಲ್ಲ. ದಿನದಿಂದ ದಿನಕ್ಕೆ ಒಳಗಿನಿಂದ ಯಾರೋ ತನ್ನನ್ನು ಸುರಿದು ಖಾಲಿ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ಆ ಹೊತ್ತಿಗೇ ವಾಸನೆ ಶುರುವಾಯಿತು.

ಅವರ ಮನೆಯ ನೆಲವೆಲ್ಲ ಫರಸಿ ಕಲ್ಲು. ಅದರ ಮೇಲೆ ನೀರು ಬಿದ್ದರೆ ಏಳುವ ವಾಸನೆ ಅವಳಿಗೆ ಹುಟ್ಟಿನಿಂದ ಗೊತ್ತು. ಆದರೆ ಈಗ ನೆಲ ಒರೆಸುವಾಗ ಅದು ಮೂಗಿಗೆ ಬಂದರೆ ಬಾಯಲ್ಲಿ ನೀರೂರುತ್ತಿತ್ತು. ಒಂದು ಸಲ ಒರೆಸುತ್ತಿದ್ದವಳು ದಿನಕ್ಕೆ ನಾಲ್ಕು ಸಲ ಒರೆಸತೊಡಗಿದಳು. ಒಂದು ದಿನ ಅಡುಗೆಮನೆಯ ಮೂಲೆಯಲ್ಲಿ ಬಿರಿದಿದ್ದ ಫರಸಿಯ ಅಂಚಿನಿಂದ ತೆಳ್ಳನೆಯ ಚಕ್ಕೆಯೊಂದನ್ನು ಕಿತ್ತು ನಾಲಿಗೆಯ ಮೇಲಿಟ್ಟುಕೊಂಡಳು. ತಣ್ಣಗೆ, ಹಳೆಯ ಬಾವಿಯ ರುಚಿ. ಎಷ್ಟೋ ತಿಂಗಳ ಮೇಲೆ ಹೊಟ್ಟೆಗೆ ಏನೋ ಬಿದ್ದಂತಾಯಿತು. ಅಂದಿನಿಂದ ಅವಳ ಸೆರಗಿನ ತುದಿಯಲ್ಲಿ ಯಾವಾಗಲೂ ನಾಲ್ಕು ಚೂರು ಕಟ್ಟಿರುತ್ತಿದ್ದವು.

ಆಮೇಲೆ ಉಸಿರು ಕೇಳಿಸಿತು. ಗಂಡ ಕೆಲಸಕ್ಕೆ ಹೋಗಿ, ಓಣಿಯೆಲ್ಲ ಬಿಸಿಲಿಗೆ ಸುಮ್ಮನಾದ ಮಧ್ಯಾಹ್ನ, ಮನೆಯೊಳಗೆ ಯಾರೋ ಉಸಿರಾಡುತ್ತಿದ್ದರು. ಹುಶ್ಶ್, ಹುಶ್ಶ್. ಮಂಚದ ಕೆಳಗೆ ನೋಡಿದಳು, ಜೋಳದ ಚೀಲಗಳ ಹಿಂದೆ ನೋಡಿದಳು. ಯಾರೂ ಇರಲಿಲ್ಲ. ಕತ್ತಿನ ಬಲಬದಿಗೆ ಕೈ ಒತ್ತಿದರೆ ನಿಲ್ಲುತ್ತಿತ್ತು. ಕೈ ತೆಗೆದರೆ ಇನ್ನೂ ಹತ್ತಿರದಿಂದ ಬರುತ್ತಿತ್ತು. ಬಿಬಿಜಾನ್‌ಳನ್ನು ಕರೆದು ಒಳಗೆ ನಿಲ್ಲಿಸಿದಳು.

"ನಿಮಗೇನರ ಕೇಳಸ್ತದೇನು ಚಾಚಿ?"

ಮುದುಕಿ ತುಂಬ ಹೊತ್ತು ಕಿವಿಗೊಟ್ಟು ನಿಂತಳು. "ನಂಗೇನೂ ಕೇಳಸವಲ್ದು," ಎಂದಳು. ಹಾಗೆಂದವಳು ವಿಮಲಾಬಾಯಿಯ ಬಾಯಿಯನ್ನೇ ನೋಡುತ್ತಿದ್ದಳು. ತುಟಿಯ ಮೂಲೆಯಲ್ಲಿ ಬೂದಿ ಬಣ್ಣದ ಧೂಳು ಹತ್ತಿತ್ತು. ಮುದುಕಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೋದಳು, ಮತ್ತೆ ಆ ಮನೆಯೊಳಗೆ ಕಾಲಿಡಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಕರೆಂಟ್ ಹೋಗಿ ಮಷಿನ್ ನಿಂತಿತು. ದೇವಿಂದ್ರಪ್ಪ ಮಧ್ಯಾಹ್ನವೇ ಮನೆಗೆ ಬಂದ. ಹೆಂಡತಿ ಅಡುಗೆಮನೆಯ ಮೂಲೆಯಲ್ಲಿ ಬೋರಲಾಗಿ ಮಲಗಿದ್ದಳು. ಬಿದ್ದಿದ್ದಾಳೆಂದು ಓಡಿದ. ಬಿದ್ದಿರಲಿಲ್ಲ. ನೀರು ಚಿಮುಕಿಸಿದ ಫರಸಿಗೆ ಕೆನ್ನೆ ಹಚ್ಚಿ, ಕಣ್ಣು ಮುಚ್ಚಿ, ಕಲ್ಲು ನೆಕ್ಕುತ್ತಿದ್ದಳು. ಅವಳು ನೆಕ್ಕುತ್ತಿದ್ದ ಜಾಗ ಸವೆದು ತಟ್ಟೆಯಂತೆ ತಗ್ಗಾಗಿತ್ತು.

"ವಿಮಲಾ," ಎಂದ.

ಅವಳು ಮುಖ ಎತ್ತಿದಳು. ತುಟಿ, ಕಣ್ಣಿನ ಒಳಗೆಂಪು ಎಲ್ಲ ಬಿಳಚಿ ಹಿಟ್ಟಿನಂತಾಗಿದ್ದವು.

"ಯಾರ್ ನೀನು?" ಅವನು ಕೇಳಿದ.

"ನಾನ್ರೀ. ವಿಮಲಾ."

"ಅಲ್ಲ," ಎನ್ನುತ್ತ ಅವನು ಹಿಂದೆ ಸರಿದು ಹೊಸ್ತಿಲಾಚೆ ನಿಂತ.

ಮರುದಿನ ಚಿತ್ತಾಪುರದ ಕಡೆಯಿಂದ ಗಾಳಿ ಬಿಡಿಸುವ ಗುರುಲಿಂಗಯ್ಯನವರನ್ನು ಕರೆತಂದ. ಅಯ್ಯನವರು ವಿಭೂತಿ ಹಚ್ಚಿ, ತಾಯತ ಕಟ್ಟಿ, ಮೂಲೆಯ ಕಲ್ಲನ್ನು ನೋಡಿದರು. "ಈ ಕಲ್ಲಿನ ಬುಡಕ ಹಸಿವು ಅದ. ಎಬ್ಬಿಸಿ ದೂರ ಒಗೀರಿ," ಎಂದರು. ದೇವಿಂದ್ರಪ್ಪ ಹಾರೆ ಹಾಕಿ ಎಬ್ಬಿಸಿದ. ಕೆಳಗೆ ಹಸಿ ಮಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಆ ವಾಸನೆ ಮನೆ ತುಂಬಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಗಂಟಲು ಗುಟುಕರಿಸುವುದನ್ನು ಅವನು ನೋಡಿದ. ಆ ಜಾಗಕ್ಕೆ ಸಿಮೆಂಟು ಬಳಿದ. ವಾರದೊಳಗೆ ಪಕ್ಕದ ಫರಸಿಯ ಅಂಚು ಸವೆಯತೊಡಗಿತು. ಅವನು ಹೊರಗೆ ಕಟ್ಟೆಯ ಮೇಲೆ ಮಲಗತೊಡಗಿದ.

ತನ್ನೊಳಗೆ ಇನ್ನೊಬ್ಬರಿದ್ದಾರೆಂದು ವಿಮಲಾಬಾಯಿಯೂ ನಂಬಿಬಿಟ್ಟಿದ್ದಳು. ಅವರನ್ನು ಹೊರಗೆ ಹಾಕಲು ಶಕ್ತಿ ಬೇಕು ಅಂದುಕೊಂಡು, ನಾಲ್ಕು ಕಡೆ ಕೂತು ಎದ್ದು, ಮಜೀದಸಾಬನ ಅಂಗಡಿ ಮುಟ್ಟಿದಳು.

"ಚಾಚಾ, ಮೊದಲಿನಕ್ಕಿಂತ ಜೋರಿನ ಬೇರು ಕೊಡ್ರಿ."

ಮಜೀದಸಾಬ ಎಪ್ಪತ್ತು ದಾಟಿದವನು. ಬೇರು ತೂಗಲು ಹೋದವನು ಅವಳ ಕೈ ಕಂಡು ತಕ್ಕಡಿ ಕೆಳಗಿಟ್ಟ. ಅವಳ ಉಗುರುಗಳು ಚಮಚದಂತೆ ಒಳಗೆ ತಗ್ಗಾಗಿದ್ದವು. ಲೋಟದಿಂದ ಒಂದು ಹನಿ ನೀರನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟ. ಹನಿ ಹರಿಯಲಿಲ್ಲ, ಅಲ್ಲೇ ನಿಂತಿತು.

"ಮಣ್ಣು ತಿಂತೀಯೇನು ಬೇಟಿ?"

ಅವಳ ಕೈ ಸೆರಗಿನ ತುದಿಯ ಗಂಟಿಗೆ ಹೋಯಿತು. ತಾನಾಗಿ ಯಾರಿಗೂ ಹೇಳಿರಲಿಲ್ಲ. "ಕಲ್ಲು," ಎಂದಳು.

"ನಿಂಗ ನಾ ಬೇರು ಕೊಡಂಗಿಲ್ಲ. ಆವತ್ತು ಕೈ ನೋಡದೆ ಕೊಟ್ಟೆ, ತಪ್ಪಾತು. ಒಲಿಯಾಗ ಕಟ್ಟಿಗಿನೇ ಇಲ್ಲ, ಊದಿದ್ರ ಏನು ಉರೀತದ? ನಗ್ಮಾ ಸಿಸ್ಟರ್ ಹತ್ರ ಹೋಗು. ಈಗಲೇ ಹೋಗು."

ಆರೋಗ್ಯ ಕೇಂದ್ರದ ನರ್ಸ್ ನಗ್ಮಾ ರಕ್ತ ಪರೀಕ್ಷೆ ಮಾಡಿಸಿ, ಚೀಟಿಯನ್ನು ಎರಡು ಸಲ ನೋಡಿದಳು. "ಅಕ್ಕಾರ, ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದಲ್ಲಿ ನಾಲ್ಕೂವರಿ ಅದ. ನೀವು ನಡಕೊಂಡು ಹ್ಯಾಂಗ ಬಂದ್ರಿ?"

ಅವಳು ಕೇಳುತ್ತ ಹೋದಂತೆ ವಿಮಲಾಬಾಯಿ ಕಲ್ಲು, ಉಸಿರು ಎಲ್ಲವನ್ನೂ ಒಂದೊಂದಾಗಿ ಬಾಯಿಬಿಟ್ಟಳು. ಎರಡು ವರ್ಷದಿಂದ ತಿಂಗಳಿಗೆ ಹನ್ನೆರಡು ದಿನ ಮುಟ್ಟು ನಿಲ್ಲುತ್ತಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

"ಮೈಯಾಗ ಕಬ್ಬಿಣದಂಶ ಪೂರಾ ಖಾಲಿ ಆದ್ರ ಕೆಲವೊಬ್ಬರಿಗೆ ಮಣ್ಣು, ಕಲ್ಲು ತಿನ್ಬೇಕು ಅನ್ನಸ್ತದ," ಎಂದಳು ನಗ್ಮಾ. "ಮನ್ಯಾಗ ಯಾರೂ ಇಲ್ರಿ ಅಕ್ಕಾರ. ಕಿವ್ಯಾಗ ಕೇಳಸಿದ್ದು ನಿಮ್ಮ ರಕ್ತಾನೇ. ತೆಳ್ಳಗಾಗಿ ಓಡ್ಲಿಕತ್ತದ."

ವಿಮಲಾಬಾಯಿಗೆ ಇದರಿಂದ ಧೈರ್ಯ ಬರಲಿಲ್ಲ. ಯಾರೋ ಇದ್ದಾರೆ ಅನ್ನುವುದಕ್ಕಿಂತ, ಇಷ್ಟು ದಿನ ತನ್ನ ರಕ್ತವೇ ಮನೆ ತುಂಬ ಉಸಿರಾಡುತ್ತಿತ್ತು ಅನ್ನುವುದು ಹೆಚ್ಚು ಭಯ ಹುಟ್ಟಿಸಿತು.

ಕಲಬುರಗಿಯ ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ಯಾರದ್ದು ಎಂದು ಕೇಳಿದಳು, ಯಾರೂ ಹೇಳಲಿಲ್ಲ. ಕೆಂಪು ನಳಿಕೆ ತೋಳಿಗಿಳಿಯುವುದನ್ನು ನೋಡುತ್ತ ಮಲಗಿದಳು. ಮೂರನೆಯ ದಿನ ಮಧ್ಯಾಹ್ನ ಕಿವಿಯೊಳಗಿನ ಆ ಹುಶ್ಶ್ ಸದ್ದು ನಿಂತಿತು. ಕತ್ತು ಒತ್ತಿ ಬಿಟ್ಟಳು, ಮತ್ತೆ ಒತ್ತಿ ಬಿಟ್ಟಳು. ಇಲ್ಲ. ಜೊತೆಗಿದ್ದವರು ಹೇಳದೆ ಎದ್ದು ಹೋದಂತಾಗಿ, ಯಾಕೆಂದು ತನಗೇ ತಿಳಿಯದೆ ಅತ್ತಳು.

ದೀಪಾವಳಿಯ ನಂತರ, ಮುಟ್ಟು ನಿಲ್ಲಗೊಡದಿದ್ದ ಗರ್ಭಕೋಶದ ಗಡ್ಡೆ ತೆಗೆದರು. ಆರು ತಿಂಗಳು ಕಬ್ಬಿಣದ ಗುಳಿಗೆ ನುಂಗಿದಳು. ನಗ್ಮಾ ಹೇಳಿದಂತೆ, ಕಬ್ಬಿಣದಂಶ ಮೈಗೆ ಹತ್ತಗೊಡದ ಊಟದ ಜೊತೆಗಿನ ಚಾ ಬಿಟ್ಟಳು. ಪುಂಡಿಪಲ್ಲೆ, ನುಗ್ಗೆಸೊಪ್ಪು, ಸಜ್ಜೆ ರೊಟ್ಟಿ, ಮೇಲೆ ನಿಂಬೆಹುಳಿ, ಶೇಂಗಾ ಬೆಲ್ಲ. ಕೈಗೆ ಮೆಲ್ಲಗೆ ಬಲ ಬಂತು. ಈಗ ದಿನಕ್ಕೆ ನೂರಿಪ್ಪತ್ತು ರೊಟ್ಟಿ ಬಡಿಯುತ್ತಾಳೆ.

ಮೊದಲೆಲ್ಲ ಗಂಡ ಉಂಡ ಮೇಲೆ ಉಳಿದದ್ದು ಉಣ್ಣುತ್ತಿದ್ದಳು. ಈಗ ದೇವಿಂದ್ರಪ್ಪನೇ ತಾಟು ಹಚ್ಚಿ ಅವಳ ಮುಂದಿಡುತ್ತಾನೆ.

"ಮೊದಲು ನೀ ಉಣ್ಣು."

"ನೀವೂ ಕುಂದರ್ರಿ."

"ನೀ ಉಣ್ಣು ಅಂದೆ."

ಓಣಿಯ ಹೆಂಗಸರು ಇದನ್ನು ಕಂಡು ಎಂಥ ಗಂಡ ಎನ್ನುತ್ತಾರೆ. ವಿಮಲಾಬಾಯಿ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಾಳೆ. ಅವನು ಎದುರಿಗೆ ಕೂತು, ಒಂದೊಂದು ತುತ್ತೂ ಗಂಟಲಿಳಿಯುವವರೆಗೆ ಅವಳ ಬಾಯಿಯ ಮೇಲಿಂದ ಕಣ್ಣು ತೆಗೆಯುವುದಿಲ್ಲ.