ತಾತನ ತುಪಾಕಿಯ ನಾಲ್ಕು ತಿರುಪು

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಹಳೆಯ ಬನಿಯನ್ನಿನ ಚೂರಿನಿಂದ ಒರೆಸುವಾಗ ನನ್ನ ಕೈ ಇವತ್ತಿಗೂ ಒಂದು ಗಳಿಗೆ ನಿಂತುಬಿಡುತ್ತದೆ. ಆ ತೆಳು ಎಣ್ಣೆಯ ವಾಸನೆ ಬೇರೆಯವರಿಗೆ ಬಟ್ಟೆಯನ್ನು ನೆನಪಿಸಬಹುದು, ನನಗೆ ಮಾತ್ರ ತುಪಾಕಿಯನ್ನು ನೆನಪಿಸುತ್ತದೆ. ರಾಯಲ್ಪಾಡಿನ ಆಚೆ, ಆಂಧ್ರದ ಗುಡ್ಡಗಳು ಹಿತ್ತಲಿಗೇ ಬಂದು ನಿಂತಂತಿದ್ದ ಒಂದು ಹಳ್ಳಿಯಲ್ಲಿ, ನಮ್ಮ ತಾತನ ನಡುಮನೆಯ ತುಂಬ ಇದೇ ವಾಸನೆ. ಅದರ ಜೊತೆಗೆ ಅಟ್ಟದ ಮೇಲಿನ ಕಡಲೆಕಾಯಿ ಮೂಟೆಗಳ ಮಣ್ಣುವಾಸನೆ, ಮೂಲೆಯ ಮಡಕೆಯಲ್ಲಿ ಉಪ್ಪು ಹಾಕಿಟ್ಟ ಹುಣಸೆಹಣ್ಣಿನ ಹುಳಿ, ಮಾವಿನ ಸೊನೆ ಹತ್ತಿ ಕಪ್ಪಾದ ಗೋಣಿಚೀಲಗಳು. ನಿಮ್ಮ ಮನೆಯಲ್ಲೂ ಇಂಥದೊಂದು ಬೆರಕೆ ವಾಸನೆ ಇದ್ದಿರಬೇಕು. ಈಗ ಹುಡುಕಿಕೊಂಡು ಹೋದರೆ ಅದು ಎಲ್ಲಿ ಸಿಗುತ್ತದೆ ಹೇಳಿ. ನಮ್ಮ ಮನೆ ಇದ್ದ ಜಾಗದಲ್ಲಿ ಟೊಮೆಟೊ ಕ್ರೇಟುಗಳನ್ನು ಪೇರಿಸಿಡುವ ಶೆಡ್ಡು ಎದ್ದು ಎಷ್ಟೋ ವರ್ಷವಾಯಿತು.

ತಾತ ಆ ಊರಿನ ಹಳೆಯ ಪಟೇಲರು. ಪಟೇಲಿಕೆ ಹೋದರೂ ಹೆಸರು ಹೋಗಿರಲಿಲ್ಲ, ತುಪಾಕಿಯೂ ಹೋಗಿರಲಿಲ್ಲ. ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಪಡೆದ ಆ ರೈಫಲ್ಲು ಸುತ್ತಲಿನ ನಾಲ್ಕು ಹಳ್ಳಿಗೆ ಒಂದೇ ಒಂದು. ಮಾವಿನ ಸಾಲುಗಳ ನಡುವೆ ಬಿತ್ತಿದ ಕಡಲೆಕಾಯಿ ಬಲಿಯುವ ಹೊತ್ತಿಗೆ ಗುಡ್ಡದಿಂದ ಹಂದಿಗಳು ಇಳಿಯುತ್ತಿದ್ದವು. ಒಂದು ಹಿಂಡು ಬಂದು ಹೋದರೆ ಹೊಲ ನೇಗಿಲು ಹೊಡೆದಂತಾಗುತ್ತಿತ್ತು. ಆಗ ಜನ ನಮ್ಮ ಜಗಲಿಯ ಮುಂದೆ ಬಂದು ನಿಲ್ಲುತ್ತಿದ್ದರು. ಹಾಗೆ ಬಂದು ನಿಲ್ಲುವ ಜನರಿಂದಲೇ ತಾತನ ಬೆನ್ನು ನೆಟ್ಟಗಿತ್ತು ಎಂದು ನನಗೀಗ ಅನಿಸುತ್ತದೆ. ಆದರೆ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅವರ ಕಣ್ಣು ಮಂಕಾಗತೊಡಗಿತ್ತು. ಕೋಲಾರದ ಡಾಕ್ಟರು ಇದು ಪೊರೆಯಲ್ಲ, ಎಡಗಣ್ಣಿನ ನರ ಒಣಗಿದೆ, ಬಲಗಣ್ಣೂ ಅದೇ ದಾರಿ ಹಿಡಿದಿದೆ, ಆಪರೇಷನ್ನಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಕಣ್ಣು ಹೋದರೆ ತುಪಾಕಿ ಹೋಗುತ್ತದೆ, ತುಪಾಕಿ ಹೋದರೆ ತಾತ ಏನಾಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮುಳಬಾಗಿಲಿನಲ್ಲಿ ಮೇಷ್ಟ್ರಾಗಿದ್ದ ನಮ್ಮಪ್ಪ ಇದಕ್ಕೊಂದು ಉಪಾಯ ಕಂಡುಹಿಡಿದರು. ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯಿಂದ ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನೊಂದನ್ನು ತಂದುಕೊಟ್ಟರು. ತಾತ ಅದನ್ನು ಬಲಗಣ್ಣಿಗೆ ಹಿಡಿದು ಹಿತ್ತಲಿನ ಆಚೆಯ ಹುಣಸೆಮರವನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಎಲೆ ಕಾಣುತ್ತೆ ಕಣೋ," ಅಂದರು ಅಪ್ಪನಿಗೆ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆದರೆ ಕಷ್ಟವಿದ್ದದ್ದು ದುರ್ಬೀನಿನಲ್ಲಲ್ಲ, ಅದನ್ನು ಹಿಡಿದಿಡುವ ಮೌಂಟಿನಲ್ಲಿ. ನಳಿಗೆಯ ಮೇಲೊಂದು ಪೀಠ, ಪೀಠದ ಮೇಲೆ ಎರಡು ಬಳೆ, ಬಳೆಯೊಳಗೆ ದುರ್ಬೀನು. ಹಾರಿಸಿದೊಡನೆ ತುಪಾಕಿ ಹಿಂದಕ್ಕೆ ಒದೆಯುತ್ತದೆ, ದುರ್ಬೀನು ಮುಂದಕ್ಕೆ ಜಾರಲು ನೋಡುತ್ತದೆ. ಈ ಗಂಡಹೆಂಡಿರ ಜಗಳವನ್ನೆಲ್ಲ ಆ ಪೀಠವೇ ತಡೆಯಬೇಕು. ಜೊತೆಗೆ ಬಂದಿದ್ದ ಅಲ್ಯುಮಿನಿಯಮ್ಮಿನದು ಮೂರನೆಯ ಗುಂಡಿಗೇ ಒಂದು ಬೆರಳು ಜಾರಿತು. ಅಪ್ಪ ಇನ್ನೊಂದು ತಂದರು. ಅದು ಒಂದು ಪಕ್ಕಕ್ಕೆ ಮಡಚುವಂಥದ್ದು, ನೋಡಲು ಬಲು ಚೆಂದ. ತಾತ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದು ಬಾಗ್ಲು ಚಿಲ್ಕ ಕಣೋ, ಸದ್ದು ಮಾಡುತ್ತೆ. ತುಪಾಕಿಗೆ ಬ್ಯಾಡ," ಎಂದು ವಾಪಸು ಕೊಟ್ಟರು.

ಕಡೆಗೆ ಯಾರೋ ಹೇಳಿದರೆಂದು ಚಿನ್ನದ ಗಣಿಯ ಊರಿಗೆ ಹೊರಟೆವು. ಬೇಸಿಗೆ ರಜಕ್ಕೆ ಬಂದಿದ್ದ ನನ್ನನ್ನು ತಾತ ಜೊತೆಗೆ ಕರೆದುಕೊಂಡರು. ಬೋರ್ಡು ಓದಿ ಹೇಳುವುದಕ್ಕೆ ಎಂಬುದು ನಿಜವಾದ ಕಾರಣ, ಊರು ತೋರಿಸುವುದಕ್ಕೆ ಎಂಬುದು ಅವರು ಹೇಳಿದ ಕಾರಣ. ಕಂಬಳಿಯಲ್ಲಿ ಸುತ್ತಿದ ರೈಫಲ್ಲು, ಅದರ ಲೈಸೆನ್ಸು, ಬುತ್ತಿಯ ಗಂಟು ಹಿಡಿದು ಮೂರು ಬಸ್ಸು ಹತ್ತಿ ಇಳಿದೆವು. ಅಲ್ಲಿ ಅಂತೋಣಿ ಎಂಬ ರಿಟೈರಾದ ಫಿಟ್ಟರು ಮನೆಯ ಪಕ್ಕದ ಶೀಟಿನ ಮಾಡಿನ ಕೆಳಗೆ ಒಂದು ಲೇತು ಇಟ್ಟುಕೊಂಡಿದ್ದರು. ತಮಿಳು ಬೆರೆತ ಕನ್ನಡ, ಆಡುವುದೂ ಅಳೆದು ತೂಗಿ. "ಹಗುರ ಕೇಳಬೇಡಿ ಸಾರ್. ಉಕ್ಕು ಹಾಕ್ತೀನಿ, ಒಂದೇ ತುಂಡು. ಎರಡು ಸ್ಕ್ರೂ ಸಾಲದು, ನಾಲ್ಕು ಬೇಕು," ಅಂದರು. ಎರಡು ದಿನ ಬಿಟ್ಟು ಹೋದಾಗ ಆ ಮೌಂಟು ತುಪಾಕಿಯ ಜೊತೆಗೇ ಹುಟ್ಟಿತೇನೋ ಎಂಬಂತೆ ಕೂತಿತ್ತು. ಅಂತೋಣಿ ನಾಲ್ಕೂ ತಿರುಪನ್ನು ಬಿಗಿದು, ಪ್ರತಿಯೊಂದರ ತಲೆಯಿಂದ ಪಕ್ಕದ ಉಕ್ಕಿನವರೆಗೆ ಕೆಂಪು ಪೇಂಟಿನಲ್ಲಿ ಕೂದಲಿನಂಥ ಒಂದು ಗೆರೆ ಎಳೆದರು. ತಿರುಪು ಎಳ್ಳಷ್ಟು ತಿರುಗಿದರೂ ಗೆರೆ ಮುರಿದು ಗೊತ್ತಾಗುತ್ತದೆ. "ಹಾರಿಸೋಕೆ ಮುಂಚೆ ಗೆರೆ ನೋಡಿ ಸಾರ್. ಇದನ್ನ ಬಿಚ್ಚಲೇಬಾರದು. ಬಿಚ್ಚಿದರೆ ಮತ್ತೆ ಕಾಗದಕ್ಕೆ ಹೊಡೆದು ಗುರಿ ಕೂಡಿಸಬೇಕು." ಈ ಮಾತು ಕೇಳಿದವರು ಇಬ್ಬರೇ, ತಾತ ಮತ್ತು ನಾನು.

ಆ ಮಳೆಗಾಲ ತಾತ ಹತ್ತು ವರ್ಷ ಚಿಕ್ಕವರಾದರು. ತೋಟದ ಕಾವಲಿನ ಮುನಿವೆಂಕಟಪ್ಪನಿಗೂ ಅವರಿಗೂ ಇಪ್ಪತ್ತು ವರ್ಷದಿಂದ ಒಂದು ಪದ್ಧತಿ ಇತ್ತು. ಹಂದಿ ಮೇಯುವ ಜಾಗಕ್ಕೆ ಹತ್ತಿರದ ಮರದ ಹಿಂದೆ ಮುನಿವೆಂಕಟಪ್ಪ ಹೋಗಿ ನಿಂತು ತಗಡಿನ ಡಬ್ಬವನ್ನು ಒಂದೇ ಒಂದು ಸಲ ಬಡಿಯಬೇಕು. ಹಂದಿ ಗಕ್ಕನೆ ನಿಂತು ತಲೆಯೆತ್ತುತ್ತದೆ. ಆ ಒಂದು ಉಸಿರಿನಲ್ಲಿ ತಾತ ಹಾರಿಸಬೇಕು. ಹಂದಿಯಿಂದ ಎರಡೇ ಮಾರು ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆಂದು ಗೊತ್ತಿದ್ದೂ ಹಾರಿಸುವುದಕ್ಕೆ ಎಂಥ ನಂಬಿಕೆ ಬೇಕೋ ನೀವೇ ಯೋಚಿಸಿ. ಆ ಮಳೆಗಾಲದಲ್ಲಿ ಮೂರು ಹಂದಿ ಬಿದ್ದವು. "ಪಟೇಲ್ರ ಕಣ್ಣು ವಾಪಸ್ ಬಂತು" ಎಂದು ಊರೆಲ್ಲ ಆಡಿಕೊಂಡಿತು. ದಸರಾ ರಜಕ್ಕೆ ನನ್ನನ್ನು ಕರೆದುಕೊಂಡು ಬಂದ ಅಪ್ಪ ಆ ಮಾತು ಕೇಳಿ ಮುಗುಳ್ನಕ್ಕರು.

ಆಯುಧಪೂಜೆಯ ದಿನ ಬೆಳಿಗ್ಗೆ ತಾತನೂ ಅಪ್ಪನೂ ಬೂದಗುಂಬಳಕಾಯಿ ತರಲು ಶ್ರೀನಿವಾಸಪುರಕ್ಕೆ ಹೋಗಿದ್ದರು. ಅಜ್ಜಿ ನೇಗಿಲಿನ ಗುಳ, ಕುಡುಗೋಲು, ಮಚ್ಚು, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟಳು. ತುಪಾಕಿಯ ಸರದಿ ಬಂದಾಗ ದುರ್ಬೀನಿನ ಬಳೆಗಳ ಸಂದಿಯಲ್ಲಿ ಮಳೆಗಾಲದ ಕೆಸರು, ಧೂಳು ಕೂತಿದ್ದನ್ನು ಕಂಡಳು. ಹೊಲಿಗೆ ಯಂತ್ರದ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡಳು. "ಅಜ್ಜಿ, ಅದು ಬಿಚ್ಚಬಾರ್ದಂತೆ," ಅಂದೆ. "ಆಯುಧದಾಗೆ ಕೊಳೆ ಮಡಗಿ ಪೂಜೆ ಮಾಡ್ತಾರೇನೇ? ದೇವ್ರ ಕೆಲ್ಸಕ್ಕೆ ಅಡ್ಡಬಾಯಿ ಹಾಕ್ಬ್ಯಾಡ. ಹಿಡ್ಕೊ ಇದನ್ನ," ಎಂದು ದುರ್ಬೀನನ್ನು ನನ್ನ ತೊಡೆಯ ಮೇಲೆ ಇಟ್ಟಳು. ನಾನು ಹಿಡಿದುಕೊಂಡು ಕೂತೆ. ಅಜ್ಜಿ ಬಳೆಗಳ ಒಳಮೈಯನ್ನು ಒರೆಸಿ, ತುಕ್ಕು ಹಿಡಿಯದಿರಲೆಂದು ಅಲ್ಲೂ ಎರಡು ತೊಟ್ಟು ಎಣ್ಣೆ ಬಿಟ್ಟು, ದುರ್ಬೀನು ಕೂರಿಸಿ, ತನ್ನ ಕೈಗೆ ಬಂದಷ್ಟು ಬಿಗಿದಳು. ಆಮೇಲೆ ನಾಲ್ಕು ತಿರುಪಿನ ಮೇಲೂ ಭಕ್ತಿಯಿಂದ ಕುಂಕುಮ ಇಟ್ಟಳು. ತಾತ ಬಂದ ಮೇಲೆ ಪೂಜೆಯಾಯಿತು. ಪೂಜೆಗೆ ಕೂತ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ. ಹಬ್ಬದ ಗದ್ದಲ, ಹೋಳಿಗೆ, ಮೇಲಿಂದ ಅಜ್ಜಿಯ ಗದರಿಕೆ. ಬಿಗಿಯಾಗಿಯೇ ಇದೆಯಲ್ಲ ಎಂದುಕೊಂಡು ನಾನು ಸುಮ್ಮನಾದೆ.

ವಿಜಯದಶಮಿಯ ದಿನ ಬೆಳಕು ಹರಿಯುವಾಗ ಹಂದಿ ಇಳಿದಿದೆಯೆಂದು ಸುದ್ದಿ ಬಂತು. ನಾನು ಏಳುವಷ್ಟರಲ್ಲಿ ತಾತ ಹೋಗಿಯಾಗಿತ್ತು. ಗುಂಡಿನ ಸದ್ದು ಕೇಳಿ ಹಾಸಿಗೆಯಲ್ಲಿ ಎದ್ದು ಕೂತೆ. ಹಾಗೇ ತೋಟಕ್ಕೆ ಓಡಿದೆ. ನಾನು ಹೋದಾಗ ಹಂದಿ ಇರಲಿಲ್ಲ. ಮುನಿವೆಂಕಟಪ್ಪ ಮಾವಿನ ಮರದ ಬುಡದಲ್ಲಿ ಡಬ್ಬ ಹಿಡಿದುಕೊಂಡೇ ಕುಸಿದು ಕೂತಿದ್ದ. ಅವನ ತಲೆಗಿಂತ ಒಂದು ಗೇಣು ಮೇಲೆ, ಕಾಂಡದಲ್ಲಿ ಬಿಳಿಯ ಗಾಯ. ತಲೆಯ ಮೇಲೆಲ್ಲ ತೊಗಟೆಯ ಚೂರು. "ಏಂ ಕಾಲೇದು ಸಾಮಿ, ಏಂ ಕಾಲೇದು," ಏನೂ ಆಗಲಿಲ್ಲ ಎಂದು ಅವನೇ ತಾತನಿಗೆ ಸಮಾಧಾನ ಹೇಳುತ್ತಿದ್ದ. ತಾತ ಅವನ ತಲೆ, ಮುಖ, ಭುಜವನ್ನೆಲ್ಲ ಎರಡೂ ಕೈಯಿಂದ ತಡವಿ ತಡವಿ ನೋಡುತ್ತಿದ್ದರು. ತುಪಾಕಿ ಕಡಲೆಕಾಯಿ ಬಳ್ಳಿಯ ಮೇಲೆ ಬಿದ್ದಿತ್ತು. ಅದನ್ನು ಅಪ್ಪ ಬಂದು ಎತ್ತಿಕೊಳ್ಳಬೇಕಾಯಿತು.

ಮನೆಗೆ ಬಂದು ತಾತ ಹೇಳಿದ್ದು ಒಂದೇ ಮಾತು: "ನನ್ನ ಕಣ್ಣು ಹೋಗೈತೆ. ತುಪಾಕಿ ಸ್ಟೇಷನ್ನಿಗೆ ಕೊಟ್ಬಿಡೋಣ." ಯಾರೂ ಬೇಡ ಅನ್ನಲಿಲ್ಲ. ಅಜ್ಜಿ ಒಳಗೆ ದೀಪ ಹಚ್ಚಲು ಹೋದಳು. ನನಗೆ ತಡೆಯಲಾಗಲಿಲ್ಲ. ಜಗಲಿಯಲ್ಲಿ ಒಬ್ಬರೇ ಕೂತಿದ್ದ ತಾತನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಬಿಚ್ಚಿದ್ದು, ಎಣ್ಣೆ ಬಿಟ್ಟದ್ದು, ತಿರುಪಿಗೆ ಕುಂಕುಮ ಇಟ್ಟದ್ದು, ನಾನು ತೊಡೆಯ ಮೇಲೆ ಇಟ್ಟುಕೊಂಡು ಕೂತದ್ದು. "ನಿಮ್ಮ ಕಣ್ಣಲ್ಲ ತಾತ, ತಿರುಪು," ಎಂದು ಅತ್ತೆ. ಅವರ ಮುಖ ಅರಳುತ್ತದೆ, ಎದ್ದು ನಿಂತು ಅಂತೋಣಿಯ ಹತ್ತಿರ ಹೋಗೋಣ ನಡಿ ಅನ್ನುತ್ತಾರೆ ಎಂದುಕೊಂಡಿದ್ದೆ. ಹನ್ನೆರಡು ವರ್ಷದ ಹುಡುಗಿಗೆ ಅಷ್ಟೇ ಗೊತ್ತಿದ್ದದ್ದು. ತಾತ ಏಳಲಿಲ್ಲ. "ಹಾರ್ಸೋಕ್ ಮುಂಚೆ ತಿರುಪು ನೋಡಿದ್ನಮ್ಮ. ದಿನಾ ನೋಡೋ ಹಂಗೇ ನೋಡಿದ್ದೆ. ಕೆಂಪಗೆ ಕಾಣ್ತು, ಗೆರೆ ಸರಿಗೈತೆ ಅಂದ್ಕೊಂಡೆ," ಅಂದರು. "ಕುಂಕುಮ ಯಾವ್ದು, ಗೆರೆ ಯಾವ್ದು ಅಂತ ಗೊತ್ತಾಗ್ದಿದ್ದೋನು ಮನುಷ್ಯ ನಿಂತಿರೋ ಕಡೆ ತುಪಾಕಿ ಎತ್ತಬಹುದೇನಮ್ಮ?" ಅವರ ಕಣ್ಣನ್ನು ಉಳಿಸಿಕೊಡಲು ಹೋಗಿ, ಅದು ಹೋಗಿದೆಯೆಂಬುದಕ್ಕೆ ಸಾಕ್ಷಿಯನ್ನು ನಾನೇ ಕೈಯಾರೆ ಒಯ್ದು ಕೊಟ್ಟಿದ್ದೆ. "ಅಜ್ಜಿಗೆ ಹೇಳ್ಬ್ಯಾಡ, ನೊಂದ್ಕೊಂತಾಳೆ," ಎಂದು ಅವರು ನನ್ನ ತಲೆ ಸವರಿದರು. ಅಜ್ಜಿ ಸಾಯುವ ತನಕ ನಾನು ಹೇಳಲಿಲ್ಲ.

ಎರಡು ದಿನದ ಮೇಲೆ ಅಪ್ಪ, ತಾತ, ನಾನು ತುಪಾಕಿ ಒಪ್ಪಿಸಲು ಹೋದೆವು. ಹೆಡ್ ಕಾನ್‌ಸ್ಟೇಬಲ್ಲು ಒಳ್ಳೆಯ ಮನುಷ್ಯ, ತಾತನಿಗೆ ಕುರ್ಚಿ ಹಾಕಿಸಿ ಟೀ ತರಿಸಿದರು. ಆ ಮೌಂಟನ್ನು ಬೆರಳಿನಿಂದ ಮುಟ್ಟಿ ನೋಡಿ, "ಎಷ್ಟು ಗಟ್ಟಿ ಕೆಲ್ಸ ಪಟೇಲ್ರೇ, ಎಲ್ಲಿ ಮಾಡಿಸಿದ್ರಿ?" ಎಂದು ಕೇಳಿದರು. ತಾತ ಊರಿನ ಹೆಸರು ಹೇಳಿದರು, ಅಂತೋಣಿಯ ಹೆಸರನ್ನೂ ಹೇಳಿದರು. ಆಮೇಲೆ ಹೆಡ್ ಕಾನ್‌ಸ್ಟೇಬಲ್ಲು ರಿಜಿಸ್ಟರು ತಿರುಗಿಸಿ ತಾತನ ಮುಂದಿಟ್ಟು, ಇಲ್ಲೊಂದು ಸೈನು ಹಾಕಿ ಅಂದರು. ತಾತ ಪೆನ್ನು ಹಿಡಿದು ಹಾಳೆಯ ಮೇಲೆ ಬಗ್ಗಿದರು. ಬಗ್ಗಿದವರು ಹಾಗೇ ಇದ್ದರು. ಕೋಣೆಯಲ್ಲಿ ನಾಲ್ಕು ಜನ ನೋಡುತ್ತಿದ್ದರು, ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. "ಎಲ್ಲಿ ಅಂತ ತೋರ್ಸಮ್ಮ," ಅಂದರು ತಾತ, ಎಲ್ಲರಿಗೂ ಕೇಳುವ ಹಾಗೆ. ನಾನು ಅವರ ಬೆರಳನ್ನು ಹಿಡಿದು ಸೈನಿನ ಗೆರೆಯ ಮೇಲೆ ಇಟ್ಟೆ. ಸೈನು ಚೆನ್ನಾಗಿಯೇ ಬಂತು. ಅಲ್ಲಿಯತನಕ ಯಾರಾದರೂ ಕೈ ಹಿಡಿಯಲು ಬಂದರೆ ಕೊಸರಿಕೊಳ್ಳುತ್ತಿದ್ದ ಮನುಷ್ಯ. ನಾನು ಬಸ್ ಸ್ಟ್ಯಾಂಡಿನವರೆಗೂ ಆ ಕೈ ಬಿಡಲಿಲ್ಲ. ಬಿಡು ಎಂದು ಅವರೂ ಅನ್ನಲಿಲ್ಲ.